ಷೋಕೇಸಿನ ಬಾಟಲಿ, ಹಿತ್ತಲ ಜಾಡಿ

ಇಮ್ಮಡಿಹಳ್ಳಿ, ವೈಟ್‌ಫೀಲ್ಡ್
10-2-1985, ಭಾನುವಾರ

ಪ್ರೀತಿಯ ಅತ್ತೆಗೆ ಸೊಸೆ ನಾಗಲಕ್ಷ್ಮಿಯ ನಮಸ್ಕಾರಗಳು.

ನಿಮ್ಮ ಮಂಡಿ ನೋವು ಈಗ ಹೇಗಿದೆ? ಹರಳೆಣ್ಣೆ ಕಾಯಿಸಿ ಹಚ್ಚುವವರು ಯಾರಾದರೂ ಇದ್ದಾರೋ, ಇಲ್ಲ ನೀವೇ ಬಗ್ಗಿ ಹಚ್ಚಿಕೊಳ್ಳುತ್ತೀರೋ? ಅತ್ತಿಬೆಲೆಯಲ್ಲಿ ನಮಗಿಂತ ಚಳಿ ಜಾಸ್ತಿ ಅನ್ನುತ್ತಾರೆ. ಹಳೇ ಕಂಬಳಿ ಬೇಡ, ಆ ಹೊಸದನ್ನೇ ಹೊದ್ದುಕೊಳ್ಳಿ, ಪೆಟ್ಟಿಗೆಯಲ್ಲಿಟ್ಟು ಯಾರಿಗೆ ಉಳಿಸುತ್ತೀರಿ? ಸುಬ್ಬೀ, ನಿಮ್ಮಜ್ಜಿಗೆ ಈ ಕಾಗದ ಓದಿ ಹೇಳುವವಳು ನೀನೇ ಎಂದು ಗೊತ್ತು. ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಓದು. ನಿಮ್ಮಮ್ಮ ಹತ್ತಿರ ಬಂದರೆ ನಿಲ್ಲಿಸಿ, ನಾಗಲಕ್ಷ್ಮಿ ಅತ್ತೆ ಹುಣಸೆಹಣ್ಣಿನ ಧಾರಣೆ ಬರೆದಿದ್ದಾಳೆ ಅನ್ನು. ಅತ್ತೆ, ನಿಮ್ಮ ಮಗಳು ಅನುಸೂಯಮ್ಮನ ಮೇಲೆ ನನಗೆ ಕೋಪವಿಲ್ಲ. ಆದರೆ ಅವಳ ಬಾಯಿಗೆ ಒಂದು ಮಾತು ಬಿದ್ದರೆ ಆನೇಕಲ್ ತಾಲ್ಲೂಕಿಗೆಲ್ಲ ಹಂಚಿ ಬರುತ್ತಾಳೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ. ಹಸುಗಳು ಚೆನ್ನಾಗಿವೆ. ದ್ರಾಕ್ಷಿ ಚೆನ್ನಾಗಿ ಬಂದಿದೆ, ಗೊಂಚಲಿನ ಬುಡದಲ್ಲಿ ನೀಲಿ ತಿರುಗಿದೆ, ಮೈನಾಗಳು ಈಗಲೇ ಪಾಲು ಕೇಳುತ್ತಿವೆ. ಚೆನ್ನಾಗಿಲ್ಲದಿರುವುದು ಮನುಷ್ಯರು. ಹೋದ ಬುಧವಾರದಿಂದ ಈ ಹೊಸ ಮನೆಯ ಮೊಸಾಯಿಕ್ ನೆಲದ ಮೇಲೆ ಕಾಲಿಡಲು ಹೇಸಿಗೆಯಾಗುತ್ತಿದೆ. ಊಟ ಹಳೇ ಅಡುಗೆಮನೆಯಲ್ಲೇ ಮಾಡುತ್ತೇನೆ. ನಿಮ್ಮ ಮಗನಿಗೆ ತಟ್ಟೆ ಇಡುತ್ತೇನೆ, ಮುಖ ನೋಡುವುದಿಲ್ಲ.

ಅತ್ತೆ, ನಮ್ಮಿಬ್ಬರ ಸಂಜೆಗಳನ್ನು ನೆನೆಸಿಕೊಂಡರೆ ಯಾವ ತಪ್ಪು ಮಾಡಿದ್ದೆವು ಎಂದು ಅರ್ಥವಾಗುವುದಿಲ್ಲ. ಹಾಲು ಕರೆದು, ದೀಪ ಹಚ್ಚಿ, ಮುದ್ದೆಗೆ ಎಸರಿಟ್ಟು, ಹಿತ್ತಲ ಒರಳುಕಲ್ಲಿನ ಹತ್ತಿರ ಕೂತು ತಲಾ ಒಂದು ಸಣ್ಣ ಲೋಟ ನಿಮ್ಮ ಕೈಯ ದ್ರಾಕ್ಷಿ ವೈನು. ಜೊತೆಗೆ ಒಂದು ಹಿಡಿ ಹುರಿದ ಕಡಲೆಕಾಯಿ, ಕಾಲ ಬಂದಾಗ ಬೇಯಿಸಿದ ಅವರೆಕಾಯಿ. ಅಷ್ಟೇ. ಎರಡನೇ ಲೋಟ ಕೇಳಿದರೆ ನೀವು ಗದರುತ್ತಿದ್ದಿರಿ, “ಇದು ನಾಲಿಗೆಗೆ ಕಣೇ, ತಲೆಗಲ್ಲ.” ಅದಕ್ಕೆ ಖರ್ಚಾದರೂ ಏನು? ಮಾರ್ಕೆಟ್ಟಿನವರು ಬೇಡವೆಂದು ಬಿಟ್ಟ ಉದುರು ದ್ರಾಕ್ಷಿ, ಹಿಡಿ ಗೋಧಿ, ನಾಲ್ಕು ಲವಂಗ, ಮತ್ತೆ ರೇಷನ್ ಸಕ್ಕರೆ. ಜಾಡಿ ತುಂಬಿಸುವ ತಿಂಗಳಲ್ಲಿ ನಿಮ್ಮ ಮಗನಿಗೆ ಬೆಲ್ಲದ ಕಾಫಿ ಕೊಟ್ಟು, ದೇಹಕ್ಕೆ ತಂಪು ಎಂದು ನಂಬಿಸುತ್ತಿದ್ದೆವು. ಇಪ್ಪತ್ತೊಂದು ದಿನ, ದಿನಕ್ಕೊಂದು ಸಲ, ಆ ಹಲಸಿನ ಮರದ ಸೌಟಿನಲ್ಲಿ ನೀವೇ ತಿರುಗಿಸಬೇಕು. ಕೈ ಬದಲಾದರೆ ಜಾಡಿ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದಿರಿ. ಹದಿನೆಂಟು ವರ್ಷ ಸೊಸೆಯಾಗಿದ್ದರೂ ಆ ಸೌಟನ್ನು ತೊಳೆಯಲು ಕೊಟ್ಟಿರಿ, ಹಿಡಿಯಲು ಕೊಡಲಿಲ್ಲ. ಸೋಸಿದ ಮೊದಲ ಲೋಟ ಬಳ್ಳಿಯ ಬುಡಕ್ಕೆ, ಎರಡನೆಯದು ನನಗೆ. ನೀವು ಕೆಲಸಕ್ಕಿದ್ದ ಬಂಗಲೆಯ ದೊರೆಸಾನಿಯಮ್ಮ ಆಸ್ಟ್ರೇಲಿಯಾಕ್ಕೆ ಹೊರಟಾಗ ನಿಮಗೆ ಕೊಟ್ಟ ಎರಡು ಗಾಜಿನ ಲೋಟಗಳಲ್ಲಿ ಒಂದನ್ನು ನಾನು ಬಂದ ವರ್ಷವೇ ಒಡೆದೆ. ಅಂದಿನಿಂದ ಗಾಜಿನದು ನನಗೆ, ನಿಮಗೆ ಸ್ಟೀಲಿನದು. ಅದಕ್ಕೂ ಒಂದು ಮಾತು ಆಡಲಿಲ್ಲ. ನೀವು ಹೋದ ಮೇಲೆ ಒಂದು ದಿನ ಒಬ್ಬಳೇ ಕೂತು ಕುಡಿದು ನೋಡಿದೆ. ರುಚಿ ಅದೇ, ಆದರೂ ಉಳಿದದ್ದನ್ನು ಬಳ್ಳಿಯ ಬುಡಕ್ಕೆ ಸುರಿದೆ. ಮತ್ತೆ ಮುಟ್ಟಿಲ್ಲ.

ಇನ್ನು ನಿಮ್ಮ ಮಗನ ವೈನಿನ ಕಥೆ ಕೇಳಿ. ಗೃಹಪ್ರವೇಶದ ಹೊತ್ತಿಗೆ ಸಿಟಿಯಿಂದ ಒಂದು ಫಾರಿನ್ ಬಾಟಲಿ ತಂದಿದ್ದು ನಿಮಗೆ ನೆನಪಿರಬೇಕು. ಅದನ್ನು ಕುಡಿಯಲಿಲ್ಲ, ಯಾರಿಗೂ ಕುಡಿಸಲಿಲ್ಲ. ಹಾಲ್‌ನ ಷೋಕೇಸಿನಲ್ಲಿ ಪ್ಲಾಸ್ಟಿಕ್ ಹೂವಿಗೂ ಕುಣಿಯುವ ಗೊಂಬೆಗೂ ನಡುವೆ ನಿಲ್ಲಿಸಿ, ಹಿಂದೆ ಒಂದು ಕೆಂಪು ಬಲ್ಬು ಹಾಕಿಸಿದರು. ಬಂದವರಿಗೆಲ್ಲ ಬಲ್ಬು ಹಾಕಿ ತೋರಿಸುವುದು. ಮಧ್ಯಾಹ್ನ ಎರಡರಿಂದ ಪಡುವಣ ಕಿಟಕಿಯ ಬಿಸಿಲು ನೇರವಾಗಿ ಅದರ ಮೇಲೆ, ಸಂಜೆಯಾದರೆ ಬಲ್ಬಿನ ಶಾಖ. ಆರು ತಿಂಗಳು ಹೀಗೆ. ನಮ್ಮ ಜಾಡಿಯನ್ನು ನೀವು ಕತ್ತಲೆ ಕೋಣೆಯಲ್ಲಿ, ರಾಗಿ ಮೂಟೆಯ ಮರೆಯಲ್ಲಿ, ಒದ್ದೆ ಗೋಣಿ ಸುತ್ತಿ ಇಡುತ್ತಿದ್ದಿರಿ. ದ್ರಾಕ್ಷಿ ತೋಟದಲ್ಲಿ ಹುಟ್ಟಿ ಬೆಳೆದವರಿಗೆ ಇಷ್ಟು ತಿಳಿಯಬಾರದೇ? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮನೆಯಲ್ಲಿ ಬಲ್ಬು ಹಿಡಿದರು.

ಬುಧವಾರ ಸಂಜೆ ಫ್ಯಾಕ್ಟರಿಯ ಮ್ಯಾನೇಜರೂ ಅವರ ಹೆಂಡತಿಯೂ ಊಟಕ್ಕೆ ಬಂದರು. ಆಳುಗಳನ್ನು ಒದಗಿಸುವ ಕಾಂಟ್ರಾಕ್ಟು ಇನ್ನೆರಡು ವರ್ಷಕ್ಕೆ ಇವರಿಗೇ ಆಗಬೇಕಲ್ಲ, ಅದಕ್ಕೆ. ಆಕೆ ಕೊಡಗಿನ ಕಡೆಯವರು. ಗೃಹಪ್ರವೇಶದ ದಿನ ಹಿತ್ತಲಿಗೆ ಬಂದು ಬಳ್ಳಿ ನೋಡಿದ್ದು, ನೀವು ನಿಮ್ಮ ಕೈಯಾರೆ ಅವರಿಗೆ ಒಂದು ಲೋಟ ಕೊಟ್ಟಿದ್ದು ಮರೆತಿರಲಾರಿರಿ. ನಿಮ್ಮ ಮಗ ಷೋಕೇಸಿನ ಬೀಗ ತೆಗೆದು, ದೇವರ ವಿಗ್ರಹ ಇಳಿಸುವ ಹಾಗೆ ಬಾಟಲಿ ಇಳಿಸಿದರು. ಬಿರಡೆ ತೆಗೆಯುವುದು ಹೇಗೆಂದು ಗೊತ್ತಿಲ್ಲ. ಒಳಗೆ ತಂದು ಸ್ಕ್ರೂಡ್ರೈವರಿನಲ್ಲಿ ಚುಚ್ಚಿದರು, ಕುಟ್ಟಾಣಿಯಲ್ಲಿ ಬಡಿದರು, ಬಿರಡೆ ಚೂರುಚೂರಾಗಿ ಒಳಗೇ ಬಿತ್ತು. ಟೀ ಜಾಲರಿಯಲ್ಲಿ ಸೋಸಿ ಕೊಟ್ಟೆ. ರುಚಿ ನೋಡಲು ಒಂದು ಬಾಯಿ ಹಾಕಿಕೊಂಡ ನಿಮ್ಮ ಮಗ ಹೊಸ ಬೇಸಿನ್ನಿಗೆ ಉಗಿದರು. ವಾಸನೆಯೇ ಹಳಸಿದ ಹುಣಸೆನೀರಿಗೆ ತುಕ್ಕು ಕಲಸಿದ ಹಾಗಿತ್ತು. ಹಾಲ್‌ನಲ್ಲಿ ಮ್ಯಾನೇಜರು ಕಾಯುತ್ತಿದ್ದಾರೆ. ನಿಮ್ಮ ಮಗ ನನ್ನ ಹತ್ತಿರ ಬಂದು, ಗೋಡೆ ನೋಡುತ್ತಾ ಕೇಳಿದರು, “ಅವ್ವಂದು ಏನಾದ್ರೂ ಉಳ್ದೈತೇನೇ?”

ಉಳಿದಿತ್ತು. ನೀವು ಹೋದ ಮಾರನೇ ದಿನ ಎಲ್ಲವನ್ನೂ ಚರಂಡಿಗೆ ಸುರಿ ಎಂದಿದ್ದರು, ಸುರಿದೆ ಎಂದು ಸುಳ್ಳು ಹೇಳಿದ್ದೆ. ರಾಗಿ ಮೂಟೆಯ ಹಿಂದೆ ಎರಡು ಬಾಟಲಿ ಇತ್ತು. ಒಂದನ್ನು ತಂದೆ. ಅವರು ಫಾರಿನ್ ಬಾಟಲಿ ತೊಳೆದು, ಸೀಮೆಎಣ್ಣೆ ಲಾಳಿಕೆ ಎತ್ತಿಕೊಂಡರು. ಕಿತ್ತುಕೊಂಡು ನಾನೇ ಸುರಿದೆ. ಹೌದು ಅತ್ತೆ, ನಿಮ್ಮ ಕೈಯ ವೈನನ್ನು ಆ ಸುಳ್ಳು ಬಾಟಲಿಗೆ ಸುರಿದವಳು ನಾನೇ. ಹಾಲ್‌ನಲ್ಲಿ ಮ್ಯಾನೇಜರು ಒಂದು ಗುಟುಕು ಕುಡಿದು ಫಾರಿನ್ ಅಂದರೆ ಫಾರಿನ್ನೇ ಎಂದು ತಲೆದೂಗಿದರು. ನಿಮ್ಮ ಮಗ ಆ ಹೊಗಳಿಕೆಯನ್ನು ಕಣ್ಣು ಮುಚ್ಚಿ ಚಪ್ಪರಿಸಿದರು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಆ ದಿನ ತಿರುಗಿ ನಿಂತಿತ್ತು ನೋಡಿ. ಬಾಟಲಿಯ ಒಳಗಿದ್ದದ್ದೊಂದೇ ಚೆನ್ನಾಗಿತ್ತು.

ಮ್ಯಾನೇಜರ ಹೆಂಡತಿ ಮಾತ್ರ ಮೂಸಿದರು, ಸ್ವಲ್ಪ ಕುಡಿದರು. ಆಮೇಲೆ ನಿಧಾನವಾಗಿ, “ಇದರಲ್ಲಿ ಲವಂಗ ಇದೆ. ಆವತ್ತು ನಿಮ್ಮ ಮನೆಕೆಲಸದ ಅಜ್ಜಿ ಕೊಟ್ಟಿದ್ದು ಇದೇ ಅಲ್ವಾ? ಎಲ್ಲಿ ಅವರು, ಕಾಣ್ತಾ ಇಲ್ಲ?” ಎಂದರು. ನಾನು ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿದ್ದೆ. ಮನೆಕೆಲಸದ ಅಜ್ಜಿ ಯಾರೆಂದು ನನಗೆ ಹೊಳೆಯಲೇ ಇಲ್ಲ. ಅಷ್ಟರಲ್ಲಿ ನಿಮ್ಮ ಮಗ ಹೇಳಿದರು, “ವಯಸ್ಸಾಯ್ತು ಮೇಡಂ. ಕೆಲಸ ಬಿಡಿಸಿ ಕಳಿಸ್ಬಿಟ್ವಿ.”

ಫ್ಯಾಕ್ಟರಿಗೆ ಆಳು ಒದಗಿಸಿ ಒದಗಿಸಿ ಹೆತ್ತವಳೂ ಆಳಾಗಿ ಕಂಡಳೇನೋ. ಆ ಬಂಗಲೆಯಲ್ಲಿ ನೀವು ಆಯಾ ಆಗಿ ಕಂಡವರ ಮಕ್ಕಳ ಹೇಲು ಬಾಚಿ ತಂದ ಸಂಬಳದಲ್ಲಿ ಇವರ ಸ್ಲೇಟು, ಇವರ ಚಡ್ಡಿ, ಇವರ ಎಸ್ಸೆಸ್ಸೆಲ್ಸಿ. ಥೂ. ಪಾತ್ರೆ ಮೇಜಿನ ಮೇಲಿಟ್ಟೆ. “ಅವ್ರು ಕೆಲಸದೋರಲ್ಲಮ್ಮ. ನಮ್ಮತ್ತೆ. ಇವ್ರನ್ನ ಹೆತ್ತವ್ವ,” ಎಂದೆ. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಆಕೆ ಲೋಟದಲ್ಲಿದ್ದದ್ದನ್ನು ಪೂರ್ತಿ ಕುಡಿದು ಮುಗಿಸಿ, ಎದ್ದು ಒಳಗೆ ಬಂದು ನನ್ನ ಕೈ ಹಿಡಿದು, ಅತ್ತೆ ಬಂದ ಮೇಲೆ ಹೇಳಿಕಳಿಸಿ, ಕಲಿಯಬೇಕು ಎಂದು ಹೇಳಿ ಹೋದರು. ಕಾಂಟ್ರಾಕ್ಟಿನ ವಿಷಯ ಏನಾಯಿತೋ ನಾನು ಕೇಳಿಲ್ಲ.

ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಹೆತ್ತ ಹೊಟ್ಟೆಗೆ ಬೆಂಕಿ ಇಡುವ ಮಾತು. ಆದರೆ ಅದು ನಿಮಗೆ ಹೊಸದಲ್ಲ ಎಂದು ನನಗೀಗ ಗೊತ್ತು. ಗೃಹಪ್ರವೇಶದ ದಿನವೇ ನಿಮ್ಮ ಮಗ ಆಕೆಗೆ ಇದೇ ಸುಳ್ಳು ಹೇಳಿರಬೇಕು, ಆಗ ನೀವು ಖಾಲಿ ಲೋಟ ತೆಗೆದುಕೊಳ್ಳಲು ಅಲ್ಲೇ ನಿಂತಿದ್ದಿರಿ. ಕೇಳಿಸಿಕೊಂಡೂ ಕೇಳದವರ ಹಾಗೆ ಲೋಟ ತೊಳೆದು ಬೋರಲು ಹಾಕಿದಿರಿ. ಮೂರನೇ ದಿನ, ಹತ್ತು ದಿನ ಮಗಳ ಮನೆಯಲ್ಲಿದ್ದು ಬರಲಿ ಎಂದು ಮಗ ಅಂದಾಗ, ಮರುಮಾತಾಡದೆ ಬಸ್ಸು ಹತ್ತಿದಿರಿ. ನಿಮಗೇ ಮಗಳನ್ನು ನೋಡುವ ಆಸೆ ಎಂದುಕೊಂಡೆ. ಹತ್ತು ದಿನ ಆರು ತಿಂಗಳಾಯಿತು, ನಾನೂ ಹೊಸ ಗ್ಯಾಸ್ ಒಲೆಯ ಸಂಭ್ರಮದಲ್ಲಿ ಒಂದು ಸಲವೂ ಯಾಕೆಂದು ಕೇಳಲಿಲ್ಲ. ಅವರ ಮೇಲಿನ ಅಸಹ್ಯದಲ್ಲಿ ಅರ್ಧ ನನಗೂ ಸೇರಬೇಕು. ನಿಮಗೆ ಗೊತ್ತಿತ್ತು ಎಂಬುದು ನನಗೆ ಹೇಗೆ ತಿಳಿಯಿತು ಎನ್ನುವುದನ್ನು ಕೊನೆಗೆ ಬರೆಯುತ್ತೇನೆ.

ಷೋಕೇಸಿನ ಬಲ್ಬನ್ನು ಅವರೇ ಬಿಚ್ಚಿದ್ದಾರೆ. ನಿನ್ನೆ ಸಂಜೆ ಹಿತ್ತಲಿಗೆ ಬಂದು, ಉಳಿದಿರುವ ಬಾಟಲಿಯಲ್ಲಿ ಒಂದು ಲೋಟ ಕೊಡು ಎಂದರು. ಮಾಡಿದವರನ್ನು ಕೇಳಿ ಎಂದೆ. ಒರಳುಕಲ್ಲಿನ ಮೇಲೆ ತುಂಬ ಹೊತ್ತು ಕೂತಿದ್ದು ಎದ್ದುಹೋದರು. ಪಶ್ಚಾತ್ತಾಪವೋ ಕಾಂಟ್ರಾಕ್ಟಿನ ಚಿಂತೆಯೋ ನಾನು ಹೇಳಲಾರೆ. ನನಗೆ ಕನಿಕರ ಬರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ.

ಅನುಸೂಯಮ್ಮನಿಗೂ ಮನೆಯವರಿಗೂ ನನ್ನ ನೆನಪು ತಿಳಿಸಿ. ಸುಬ್ಬಿಗೆ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ಓದಲಿ. ನಿಮ್ಮ ಪಾದಗಳಿಗೆ ಇಲ್ಲಿಂದಲೇ ಹಣೆ ಮುಟ್ಟಿಸುವ,

ನಿಮ್ಮ ಸೊಸೆ
ನಾಗಲಕ್ಷ್ಮಿ

ಮರೆತಿದ್ದೆ: ಶುಕ್ರವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ, ಗಂಟು ಕಟ್ಟಿಕೊಂಡು ಸಿದ್ಧವಾಗಿರಿ. ನಿಮ್ಮ ಮಗ ಜೊತೆಗೆ ಬಂದರೆ ಬರಲಿ, ಬರದಿದ್ದರೂ ನೀವು ಬರುತ್ತೀರಿ. ಇನ್ನು ಹತ್ತು ದಿನಕ್ಕೆ ಹಣ್ಣು ಕೀಳಬೇಕು. ನಿನ್ನೆ ಜಾಡಿ ತೊಳೆದು ಬಿಸಿಲಿಗಿಟ್ಟು, ಸೌಟಿಗಾಗಿ ಅಟ್ಟ, ಕತ್ತಲೆ ಕೋಣೆ, ಕೊಟ್ಟಿಗೆ ಎಲ್ಲ ಹುಡುಕಿದೆ, ಸಿಗಲಿಲ್ಲ. ಹತ್ತು ದಿನಕ್ಕೆಂದು ಮಗಳ ಮನೆಗೆ ಹೋಗುವವರು ಯಾರೂ ಸೌಟನ್ನು ಸೀರೆಯಲ್ಲಿ ಸುತ್ತಿಕೊಂಡು ಹೋಗುವುದಿಲ್ಲ ಅತ್ತೆ. ಅದನ್ನು ಮರೆಯದೆ ತನ್ನಿ.