ರಾಣಿ ಇರುವೆಯ ನಾಲ್ಕು ಮೊಟ್ಟೆ

ಲೇ ಕ್ರಾಂತಿ,

ಟ್ರೈನಿಂಗಿಗೆಂದು ಹರಪನಹಳ್ಳಿಗೆ ಹೊರಟಿದ್ದೇನೆ, ನಾಳೆ ಬರುತ್ತೇನೆ. ಮೊನ್ನೆ ಮಳೆ ನಿಂತ ಮೇಲೆ ಹಿಡಿದ ರಾಣಿ ಇರುವೆ ಬೀರುವಿನ ಕೆಳಗಿನ ಖಾನೆಯಲ್ಲಿದೆ. ಟೆಸ್ಟ್‌ಟ್ಯೂಬಿಗೆ ಸುತ್ತಿದ ಕಪ್ಪು ಬಟ್ಟೆ ಬಿಚ್ಚಬೇಡ. ಪಾಪ, ಹಸಿದಿರಬೇಕು ಎಂದು ಸಕ್ಕರೆ ಹಾಕಲೂಬೇಡ. ಮರಿಗಳು ಬರುವ ತನಕ ಅದಕ್ಕೆ ಟ್ಯೂಬಿನೊಳಗೆ ಇಟ್ಟ ಒದ್ದೆ ಹತ್ತಿಯ ನೀರೊಂದೇ ಸಾಕು.

ನಿನ್ನೆ ನಾನೇ ತಡೆಯಲಾರದೆ ಮೂರು ಸಲ ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತು ಮೊಟ್ಟೆ ಇದ್ದವು, ಈಗ ನಾಲ್ಕೇ ಇವೆ. ಹೆದರಿದರೆ ತನ್ನ ಮೊಟ್ಟೆ ತಾನೇ ತಿನ್ನುತ್ತದಂತೆ. ಹೆದರಿಸಿದವಳು ನಾನು.

ಅವ್ವ "ಮನ್ಯಾಗ ಯಾರರ ಇರುವಿ ಸಾಕ್ತಾರೇನ?" ಎಂದು ಇರುವೆ ಪುಡಿ ಹುಡುಕುತ್ತಿದ್ದಾಳೆ. ಡಬ್ಬಿ ನಿನ್ನ ಗಾಡಿಯ ಡಿಕ್ಕಿಯಲ್ಲಿದೆ, ಹೇಳಬೇಡ.

ಸಂಜೆ ಫೋನ್ ಮಾಡಿ "ಎಷ್ಟು ಉಳಿದಾವಲೇ?" ಎಂದು ಕೇಳೇ ಕೇಳುತ್ತೇನೆ. ನಾನು ಎಷ್ಟು ಬೈದರೂ ಹೋಗಿ ನೋಡಬೇಡ.

ರಮಕ್ಕ