ಓದದೆ ಬಿಟ್ಟ ವಚನ

ಸಾತನೂರು
19 ಜನವರಿ 2024

ನನ್ನ ಮಗ ಪ್ರಕಾಶನಿಗೆ,

ಯೇಸುವಿನ ಸಮಾಧಾನ ಆ ಜೈಲಿನ ಗೋಡೆಯೊಳಗೂ ನಿನ್ನ ಜೊತೆಗಿರಲಿ. ಜ್ವರ ಬಿಟ್ಟಿತೇ? ಅನ್ನ ಸೇರುತ್ತಿದೆಯೇ? ಕ್ರಿಸ್ಮಸ್ಸಿಗೂ ನಾಲ್ಕು ಸಾಲು ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಜ್ವರವೆಂದು ಬುಧವಾರ ನಿನ್ನನ್ನು ಕೋರ್ಟಿಗೆ ಕರೆತರಲಿಲ್ಲ. ಅಲ್ಲಿ ನಡೆದದ್ದು ವಕೀಲರ ಬಾಯಿಂದ ತಿಳಿಯುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಈಗ ಕೂತಿದ್ದೇನೆ.

ಮನೆಯಲ್ಲಿ ಹಸು ಹೆಣ್ಣುಗರು ಹಾಕಿದೆ. ಪ್ರಾರ್ಥನಾಲಯದ ಗೋಡೆ ಮಾತ್ರ ಬಾಗಿಲ ಎತ್ತರಕ್ಕೇ ನಿಂತಿದೆ. ಅದರ ದಾರಿಗೆ ಪಕ್ಕದ ಹೊಲದ ಶಿವಕುಮಾರ್ ಬೇಲಿ ಹಾಕಿದ, ನೀನು ಅವನ ಮೇಲೆ ಗುದ್ದಲಿಕಾವು ಎತ್ತಿದೆ. ಗೋಡೆ ಕಟ್ಟುತ್ತಿದ್ದ ನಿಮ್ಮಪ್ಪ ಆ ದಿನದಿಂದ ಗಾರೆಯ ಕರಣೆ ಮುಟ್ಟಿಲ್ಲ. ಫಾದರ್ ಮನೆಗೇ ಬಂದು, "ಇನ್ನಾಸಪ್ಪನವರೇ, ಕೆಲಸ ಮುಂದುವರಿಸಿ" ಎಂದು ಕೇಳಿಕೊಂಡರು. "ರಕ್ತ ಹರಿಸ್ದೋನು ನನ್ ಗುಡಿ ಕಟ್ಟಬ್ಯಾಡ ಅಂತ ದಾವೀದ ಅರಸಂಗೇ ದೇವ್ರು ಅಂದ, ಸ್ವಾಮಿ. ನಂದ್ಯಾವ ಲೆಕ್ಕ? ಈ ಗೋಡೆಗೋಸ್ಕರ ರಕ್ತ ಬಿದ್ದೈತೆ" ಎಂದುಬಿಟ್ಟರು.

ಕ್ರಿಸ್ಮಸ್ ಹಿಂದಿನ ದಿನ ಚರ್ಚಿನ ಬೆಳಗಿನ ಪೂಜೆಯಲ್ಲಿ ಬೈಬಲ್ ವಾಚನ ಓದುವ ಸರದಿ ಅಪ್ಪನದೇ ಆಗಿತ್ತು. ಬಂದದ್ದೂ ದಾವೀದನಿಗೆ ದೇವರು ಕೊಟ್ಟ ಮಾತೇ. ನೀನು ನನಗೆ ಮನೆ ಕಟ್ಟುವುದಿರಲಿ, ನಾನೇ ನಿನ್ನ ಮನೆತನ ಕಟ್ಟಿ ನಿಲ್ಲಿಸುತ್ತೇನೆ. ನಿನ್ನ ಮಗನಿಗೆ ನಾನು ತಂದೆಯಾಗುತ್ತೇನೆ ಎಂದು. ಅಲ್ಲಿಗೆ ಬಂದ ಅಪ್ಪ ಓದು ನಿಲ್ಲಿಸಿ, ಅದೇ ಸಾಲನ್ನು ಮತ್ತೆ ಮೊದಲಿಂದ ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು. ಹೇಗೋ ಮುಗಿಸಿ ಕೆಳಗಿಳಿದರು.

ಮನೆಗೆ ಬಂದವರು ಬಟ್ಟೆಯನ್ನೂ ಬದಲಿಸದೆ ಬೈಬಲ್ ತೆಗೆದರು. ಪೂಜೆಯಲ್ಲಿ ಆ ಮಾತಿನ ನಂತರ ಒಂದಿಷ್ಟು ಬಿಟ್ಟು ಮುಂದಕ್ಕೆ ಓದುತ್ತಾರೆ. ಬಿಟ್ಟಿದ್ದನ್ನು ನನಗೆ ಬೆರಳಿಟ್ಟು ತೋರಿಸಿದರು. ಆ ಮಗ ತಪ್ಪು ಮಾಡಿದರೆ ಮನುಷ್ಯರ ಕೈಯಿಂದಲೇ ಅವನಿಗೆ ಪೆಟ್ಟು ಕೊಡಿಸುತ್ತೇನೆ, ಆದರೆ ನನ್ನ ಪ್ರೀತಿಯನ್ನು ಅವನಿಂದ ಕಿತ್ತುಕೊಳ್ಳುವುದಿಲ್ಲ ಎನ್ನುತ್ತಾನೆ ದೇವರು.

ನನಗೆ ಜೀವ ಬಂದಂತಾಯಿತು. "ನೋಡಿ, ದೇವ್ರೇ ಕೈ ಬುಡಕಿಲ್ಲ ಅಂತಾವ್ನೆ. ನೀವೂ ಬುಡಬ್ಯಾಡಿ. ಕೋರ್ಟಲ್ಲಿ ಸಾಕ್ಷಿ ಕೇಳ್ದಾಗ ನಾನೇನೂ ನೋಡ್ನಿಲ್ಲ ಅಂದ್ಬುಡಿ. ವಕೀಲ್ರೂ ಅದನ್ನೇ ಹೇಳವ್ರೆ" ಎಂದೆ.

"ಮೊದಲ್ನೇ ಅರ್ಧ ನುಂಗ್ಬುಟ್ಟು ಕೊನೇದು ಮಾತ್ರ ತಗಳಕಾಯ್ತದೇನೆ?" ಎಂದರು.

ಅಲ್ಲಿಂದಾಚೆಗೆ ನಾನು ಅವರನ್ನು ಮಾತನಾಡಿಸಲಿಲ್ಲ. ತಟ್ಟೆ ಮುಂದಿಟ್ಟು ಒಳಗೆ ಹೋಗುತ್ತಿದ್ದೆ. ಬುಧವಾರ ಕೋರ್ಟಿಗೆ ಹೊರಟ ಕನಕಪುರದ ಬಸ್ಸಿನಲ್ಲೂ ದೂರ ಕೂತೆ. ಅದೇ ಬಸ್ಸಿನಲ್ಲಿ ಶಿವಕುಮಾರ್ ಇದ್ದ, ಅವನ ತಾಯಿ ದೊಡ್ಡಲಕ್ಷ್ಮಮ್ಮ ಇದ್ದಳು. ಅವನ ಎಡಗಣ್ಣು ಇನ್ನು ಬರುವುದಿಲ್ಲವಂತೆ, ಪ್ರಕಾಶ. ಇಳಿಯುವಾಗ ಮೆಟ್ಟಿಲು ಅಂದಾಜು ಸಿಗದೆ ತಾಯಿಯ ಹೆಗಲು ಹಿಡಿದ. ನಾನು ಮುಖ ತಿರುಗಿಸಿದೆ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು, "ಆರೋಪಿ ನಿಮಗೆ ಏನಾಗಬೇಕು?" ಎಂದು ಅಪ್ಪನನ್ನು ಕೇಳಿದರು.

"ಮಗ."

"ಹೊಡೆದದ್ದನ್ನು ನೋಡಿದಿರಾ?"

ಅಪ್ಪ ಕಟಕಟೆಯ ಮರವನ್ನು ಹಿಡಿದುಕೊಂಡರು. ನಮ್ಮ ವಕೀಲರು ಅವರನ್ನೇ ದಿಟ್ಟಿಸುತ್ತಿದ್ದರು. ಮರೆತುಹೋಯಿತು ಎಂದಾದರೂ ಹೇಳಲಿ ಎಂದು ಮಾತೆ ಮರಿಯಳನ್ನು ಬೇಡಿಕೊಂಡೆ.

"ನೋಡ್ದೆ ಸ್ವಾಮಿ. ಶಿವಕುಮಾರ ಕೈ ಎತ್ತಿರ್ನಿಲ್ಲ. ಹೊಂಟೋಯ್ತಿದ್ದ. ಕೂಗಿದ್ಕೆ ತಿರುಗ್ದ, ಆಗ ಏಟು ಬಿತ್ತು. ಹೊಡ್ದಿದ್ದು ನನ್ ಮಗನೇ."

ಅಷ್ಟಕ್ಕೆ ನಿಲ್ಲಿಸಲಿಲ್ಲ. "ಅವ್ನು ನನ್ ಮಗ ಅನ್ನದ್ನೂ ಸರ್ಯಾಗಿ ಬರ್ಕಳಿ. ನೀವು ಎಷ್ಟು ವರ್ಸ ಹಾಕುದ್ರೂ ಅವ್ನು ನನ್ ಮಗನೇ" ಎಂದರು. ನ್ಯಾಯಾಧೀಶರು, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದರು.

ಹೊರಗೆ ದೊಡ್ಡಲಕ್ಷ್ಮಮ್ಮನಿಗೆ ಕೈಮುಗಿದೆ. "ನಿನ್ ಗಂಡ ಸುಳ್ಳು ಹೇಳ್ತಾನೆ ಅಂತಿದ್ದೆ, ನಿಜ ಹೇಳ್ದ ಕಣವ್ವ. ಆದ್ರೆ ನನ್ ಮಗನ್ ಕಣ್ಣು?" ಎಂದಳು.

ನಮ್ಮ ವಕೀಲರು ಕಾಗದ ಮಡಚಿಕೊಂಡು ನಮ್ಮ ಕಡೆ ನೋಡದೆ ಹೋದರು. ವಾಪಸು ಬರುವಾಗ ನಾನು ಅಪ್ಪನ ಪಕ್ಕದಲ್ಲಿ ಕೂತೆ.

ಮುಂದೆ ನಿನ್ನನ್ನೂ ಕೇಳುತ್ತಾರೆ. ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಸುಳ್ಳು ಹೇಳು ಎಂದು ನಾನಂತೂ ಇನ್ನು ಯಾರಿಗೂ ಹೇಳಲಾರೆ.

ಮೈ ಬಿಸಿ ಇದ್ದರೆ ತಣ್ಣೀರು ಹುಯ್ದುಕೊಳ್ಳಬೇಡ. ನಿನ್ನ ಹಣೆಗೆ ಇಲ್ಲಿಂದಲೇ ಶಿಲುಬೆಯ ಗುರುತು ಹಾಕುತ್ತಿದ್ದೇನೆ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಆರೋಗ್ಯಮ್ಮ

ವಿ.ಸೂ.: ನವೆಂಬರಿನಲ್ಲಿ ನಿನ್ನನ್ನು ನೋಡಲು ನಾನೊಬ್ಬಳೇ ಬಂದಿದ್ದೆ ಅಂದುಕೊಂಡಿದ್ದೀಯ. ಅಪ್ಪನೂ ಬಂದಿದ್ದರು. ನಿನ್ನೆದುರು ನಿಲ್ಲಲು ಧೈರ್ಯ ಸಾಲದೆ ಗೋಡೆಯ ಮರೆಯಲ್ಲಿದ್ದರು. "ನನ್ ವಿರುದ್ಧ ಸಾಕ್ಷಿ ಹೇಳೋನು ನಂಗೆ ಅಪ್ಪನೇ ಅಲ್ಲ, ಸತ್ರೂ ಮಣ್ಣಿಗೆ ಬರಾಕಿಲ್ಲ" ಎಂದು ನೀನು ಕೂಗಿದ್ದು ಪೂರ್ತಿ ಕೇಳಿಸಿತು ಅವರಿಗೆ. ಈ ಮಂಗಳವಾರ ನಿನ್ನ ಭೇಟಿಗೆ ಅವರೊಬ್ಬರೇ ಬರುತ್ತಾರೆ. ನಿನ್ನ ಹೆಸರು ಕೂಗಿದಾಗ ಎದ್ದು ಬಾ, ಮಗನೇ.