ಲಾಟ್ ಅಂದೆ, ಬ್ಯಾಚ್ ಅನ್ನಲಿಲ್ಲ

೧೨ ನವೆಂಬರ್, ಗುರುವಾರ

ನನ್ನ ಬಾಯಿಗೆ ಇವತ್ತು ಏನಾಗಿತ್ತು? ಮಕ್ಕಳ ಕೆಮ್ಮಿನ ಸಿರಪ್ ನನ್ನ ಪರೀಕ್ಷೆಯಲ್ಲಿ ಫೇಲಾಯಿತು. ತಕ್ಷಣ ಗೋದಾಮಿಗೆ ಫೋನ್ ಮಾಡಿ, "ಆ ಲಾಟ್ ನಿಲ್ಲಿಸಿ" ಅಂದೆ. ಅನ್ನಬೇಕಾಗಿದ್ದದ್ದು ಬ್ಯಾಚ್. ನಮ್ಮ ಕಾರ್ಖಾನೆಯಲ್ಲಿ ಒಂದೇ ಹಂಡೆಯಲ್ಲಿ ಕುದಿದದ್ದೆಲ್ಲ ಬ್ಯಾಚ್. ಅದರಲ್ಲಿ ಒಂದು ಲಾರಿಗೆ ಏರಿದ್ದಷ್ಟೇ ಲಾಟ್. ಹೊಸಬರಿಗೆಲ್ಲ ಇದನ್ನು ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟವಳು ನಾನೇ.

ಗೋದಾಮಿನವರು ಒಂದು ಲಾರಿ ನಿಲ್ಲಿಸಿದರು. ಅದೇ ಬ್ಯಾಚಿನ ಇನ್ನೆರಡು ಹೊರಟುಹೋದವು.

"ನೀವು ಹೇಳಿದ್ದನ್ನೇ ಮಾಡಿದ್ವಲ್ಲ, ಮೇಡಂ?"

ಅವರದೇನು ತಪ್ಪು?

ಒಬ್ಬ ಡ್ರೈವರ್ ಫೋನಿಗೆ ಸಿಕ್ಕ, ಅರ್ಧ ದಾರಿಯಿಂದ ತಿರುಗಿಸಿಕೊಂಡು ಬಂದ. ಇನ್ನೊಬ್ಬ ಎತ್ತುತ್ತಲೇ ಇಲ್ಲ. ಮನೆಯಲ್ಲಿ ಯಜಮಾನರು, "ಮಲಗೇ, ಬೆಳಗ್ಗೆ ನೋಡ್ಕೊಂಡ್ರಾಯ್ತು" ಅನ್ನುತ್ತಾರೆ.

ಬೆಳಗ್ಗೆ ಎಂಟಕ್ಕೆಲ್ಲ ಔಷಧಿ ಅಂಗಡಿಗಳು ಬಾಗಿಲು ತೆಗೆಯುತ್ತವೆ. ಅವನಿಗೆ ಮತ್ತೆ ಫೋನ್ ಮಾಡಿದ್ದೇನೆ. ರಿಂಗಾಗುತ್ತಿದೆ. ಎತ್ತಪ್ಪಾ, ಎತ್ತು...